ಅಪ್ಪನ ಲಿವರ್ ಗಂಟಿಗೆ ಮೆಟಬಾಲಿಕ್ ಎಂಆರ್‌ಐ ಮಾಡಿಸಲಿಕ್ಕೆ ಕಾಯಬೇಕಾ?

ಕಾಪು_ಮಗಳು:
ಅಪ್ಪನಿಗೆ ಹೆಪಟೈಟಿಸ್ ಬಿ ಯಿಂದ ಸಿರೋಸಿಸ್ (ಲಿವರ್ ಗಾಯವಾಗಿ ಗಟ್ಟಿಯಾಗುವುದು) ಆಗಿದೆ. ಆರು ತಿಂಗಳಿಗೊಮ್ಮೆ ಉಡುಪಿಯಲ್ಲಿ ಸ್ಕ್ಯಾನಿಂಗ್ ಮಾಡಿಸುತ್ತೇವೆ. ಈ ಸಲ 1.4 ಸೆಂ.ಮೀ. ಗಂಟು ಕಂಡಿದೆ. ಎಎಫ್‌ಪಿ (ಲಿವರ್ ಕ್ಯಾನ್ಸರ್‌ಗೆ ನೋಡುವ ರಕ್ತ ಪರೀಕ್ಷೆ) ನಾರ್ಮಲ್. ಡಾಕ್ಟರು ಕಾಂಟ್ರಾಸ್ಟ್ ಎಂಆರ್‌ಐ (ಚಿತ್ರ ಸ್ಪಷ್ಟ ಕಾಣಲು ಇಂಜೆಕ್ಷನ್ ಕೊಟ್ಟು ಮಾಡುವುದು) ಬರೆದಿದ್ದಾರೆ. ದುಬೈಯಲ್ಲಿರುವ ಅಣ್ಣ ಯಾವುದೋ ವಿಡಿಯೊ ನೋಡಿ ಮೆಟಬಾಲಿಕ್ ಎಂಆರ್‌ಐಯೇ ಮಾಡಿಸುವ, ಸಿಗುವವರೆಗೆ ಕಾಯುವ ಎನ್ನುತ್ತಿದ್ದಾನೆ. ಮಂಗಳೂರು, ಮಣಿಪಾಲದಲ್ಲಿ ಎಲ್ಲಾದರೂ ಉಂಟಾ? ಇಲ್ಲದಿದ್ದರೆ ಪೆಟ್ ಸ್ಕ್ಯಾನ್ ಸಾಕಾ?

ಸ್ಕ್ಯಾನ್_ರೂಮ್:
ಅಕ್ಕ, ನಾನು ಮಂಗಳೂರಲ್ಲಿ ಎಂಆರ್‌ಐ ಟೆಕ್ನಿಷಿಯನ್. ದಯವಿಟ್ಟು ಕಾಯಬೇಡಿ. ಅಣ್ಣ ನೋಡಿದ್ದು ಸುಳ್ಳಲ್ಲ, ಆದರೆ ಲಿವರ್‌ಗೆ ಅದು ಇನ್ನೂ ಸಂಶೋಧನೆಯಲ್ಲೇ ಇದೆ. ಕಾರ್ಬನ್-13 (ಎಂಆರ್‌ಐಯಲ್ಲಿ ಸಿಗ್ನಲ್ ಕೊಡುವ ಒಂದು ಬಗೆಯ ಕಾರ್ಬನ್) ಇರುವ ಪೈರುವೇಟನ್ನು, ಅಂದರೆ ದೇಹದಲ್ಲಿ ಸಕ್ಕರೆ ಒಡೆದಾಗ ಸಿಗುವ ವಸ್ತುವನ್ನು, ವಿಪರೀತ ಚಳಿಯಲ್ಲಿಟ್ಟು ಅದರ ಸಿಗ್ನಲ್ಲನ್ನು 10,000 ಪಟ್ಟಿಗಿಂತ ಜಾಸ್ತಿ ಮಾಡುತ್ತಾರೆ, ಆಮೇಲೆ ಕರಗಿಸಿ ನರಕ್ಕೆ ಕೊಟ್ಟು ಕೂಡಲೇ ಚಿತ್ರ ತೆಗೆಯಬೇಕು, ಯಾಕೆಂದರೆ ಎರಡು ಮೂರು ನಿಮಿಷದಲ್ಲಿ ಆ ಸಿಗ್ನಲ್ ಹೋಗಿಬಿಡುತ್ತದೆ. ಕ್ಯಾನ್ಸರ್ ಕೋಶ ಪೈರುವೇಟನ್ನು ಬೇಗ ಬೇಗ ಲ್ಯಾಕ್ಟೇಟ್ ಎಂಬ ಬೇರೆ ವಸ್ತುವಾಗಿ ಮಾಡುತ್ತದೆ, ಕಾಣುವುದು ಅದೇ. ರೇಡಿಯೇಷನ್ ಇಲ್ಲ. ಮನುಷ್ಯರಲ್ಲಿ ಮೊದಲ ಪ್ರಯೋಗದ ವರದಿ 2013ರಲ್ಲಿ ಅಮೆರಿಕದಿಂದ ಬಂತು, ಅದು ಪ್ರಾಸ್ಟೇಟ್ ಕ್ಯಾನ್ಸರ್‌ನದ್ದು. ನನಗೂ ಅದರ ಮೇಲೆ ತುಂಬಾ ಆಸೆ ಉಂಟು. ಆದರೆ ಅಪ್ಪನ ಗಂಟು ಏನೆಂದು ಈಗ ಗೊತ್ತಾಗಬೇಕು, ಅಲ್ವಾ?

ಸುರತ್ಕಲ್_ಡಾಕ್ಟರ್:
ಸಿರೋಸಿಸ್ ಇದ್ದು, ಗಂಟು 1 ಸೆಂ.ಮೀ.ಗಿಂತ ದೊಡ್ಡದಿದ್ದು, ಕಾಂಟ್ರಾಸ್ಟ್ ಹೋದ ಕೂಡಲೇ ಬೆಳಗಿ ಆಮೇಲೆ ಸುತ್ತಲಿನ ಲಿವರ್‌ಗಿಂತ ಕಪ್ಪಾದರೆ, ಎಷ್ಟೋ ಸಲ ಸೂಜಿ ಚುಚ್ಚದೆಯೇ ಕ್ಯಾನ್ಸರ್ ಎಂದು ಹೇಳಬಹುದು. ಪೆಟ್ ಬೇಡ. ಮಾಮೂಲಿ ಪೆಟ್‌ನಲ್ಲಿ ಸ್ವಲ್ಪ ರೇಡಿಯೇಷನ್ ಇರುವ ಸಕ್ಕರೆ ಕೊಟ್ಟು ಅದು ಎಲ್ಲಿ ಉಳಿಯುತ್ತದೆ ಎಂದು ನೋಡುತ್ತಾರೆ. ಲಿವರ್ ಕೋಶ ಒಳಗೆ ಬಂದ ಸಕ್ಕರೆಯನ್ನು ವಾಪಸ್ ಬಿಡುತ್ತದೆ, ಶುರುವಿನ ಲಿವರ್ ಕ್ಯಾನ್ಸರ್ ಕೂಡ ಹಾಗೆಯೇ ಮಾಡುವುದರಿಂದ ಮಾಮೂಲಿ ಪೆಟ್‌ನಲ್ಲಿ ಎಷ್ಟೋ ಗಂಟು ತಪ್ಪಿಹೋಗುತ್ತವೆ. ಎಎಫ್‌ಪಿ ನಾರ್ಮಲ್ ಎಂದು ಸುಮ್ನೆ ಕೂರಬೇಡಿ, ಕ್ಯಾನ್ಸರ್ ಇದ್ದರೂ ಅದು ನಾರ್ಮಲ್ ಇರಬಹುದು.

ಕಾಪು_ಮಗಳು:
ಅಣ್ಣನಿಗೆ ಇದನ್ನೇ ಕಳಿಸಿದೆ, ಒಪ್ಪಿದ. ಅಪ್ಪನಿಗೆ ಹೊಟ್ಟೆಯಲ್ಲಿ ಸ್ವಲ್ಪ ನೀರುಂಟು, ಉಸಿರು ಹಿಡಿಯಲಿಕ್ಕೆ ಕಷ್ಟ. ಏನು ಮಾಡುವುದು?

ಸ್ಕ್ಯಾನ್_ರೂಮ್:
ಅದನ್ನು ಅಪಾಯಿಂಟ್‌ಮೆಂಟ್ ತೆಗೆಯುವಾಗಲೇ ಹೇಳಿ. ನೀರು ಜಾಸ್ತಿ ಇದ್ದರೆ ಮೊದಲು ಸ್ವಲ್ಪ ತೆಗೆಯಬೇಕಾ ಎಂದು ನಿಮ್ಮ ಡಾಕ್ಟರನ್ನು ಕೇಳಿ. ಆ ಬೆಳಗುವ ಹಂತ ಕೆಲವೇ ಸೆಕೆಂಡಿನದ್ದು, ಆಗ ಅಲುಗಾಡಿದರೆ ಚಿತ್ರ ಮಸುಕಾಗುತ್ತದೆ. ಉಸಿರು ಬಿಟ್ಟು ಹಾಗೇ ನಿಲ್ಲಿಸುವುದನ್ನು ಮನೆಯಲ್ಲಿ ಅಭ್ಯಾಸ ಮಾಡಿಸಿ. ಮೆಷಿನಿನ ರೆಕಾರ್ಡೆಡ್ ಧ್ವನಿ ಇಂಗ್ಲಿಷ್ ಆಗಿದ್ದರೆ ಹಿರಿಯರು ಗಾಬರಿಯಾಗುತ್ತಾರೆ, ಮೈಕಲ್ಲಿ ತುಳುವಿನಲ್ಲೇ ಹೇಳಿ ಎಂದು ಟೆಕ್ನಿಷಿಯನ್‌ಗೆ ಹೇಳಿ, ಹೇಳುತ್ತಾರೆ. ಕ್ರಿಯಾಟಿನಿನ್ (ಕಿಡ್ನಿಯ ರಕ್ತ ಪರೀಕ್ಷೆ) ರಿಪೋರ್ಟ್, ಹಳೆ ಸ್ಕ್ಯಾನಿಂಗ್‌ಗಳ ಸಿಡಿ ಎರಡೂ ತನ್ನಿ. ಪೇಸ್‌ಮೇಕರ್ ಇದ್ದರೆ ಮುಂಚೆಯೇ ತಿಳಿಸಿ.