ಸಹಾಯ ಬೇಕು: ತೊಳೆದ ಮೇಲೂ ವೇಪ್ (ಇ-ಸಿಗರೇಟ್) ಟ್ಯಾಂಕ್ ಸೋರುತ್ತಿದೆ

ನಮಸ್ಕಾರ, ಇಂಗ್ಲೆಂಡಿನಲ್ಲಿರುವ ಕನ್ನಡದವರು ಯಾರಾದರೂ ಸ್ವಲ್ಪ ಹೇಳಿ. ಹನ್ನೆರಡು ವರ್ಷ ಸೇದಿದ ಸಿಗರೇಟ್ ಬಿಟ್ಟು ವೇಪ್‌ಗೆ ಬಂದೆ. ಇಲ್ಲಿ 2025ರ ಜೂನ್‌ನಿಂದ ಬಳಸಿ ಬಿಸಾಡುವ ವೇಪ್ ಮಾರುವಂತಿಲ್ಲ, ಅದಕ್ಕೇ ಲಿಕ್ವಿಡ್ ತುಂಬಿಸುವಂಥದ್ದು ತಗೊಂಡೆ. ಊರಲ್ಲಿ, ಅಂದರೆ ಭಾರತದಲ್ಲಿ, 2019ರಿಂದಲೇ ಎಲ್ಲಾ ವೇಪ್ ಮಾರಾಟಕ್ಕೂ ನಿಷೇಧ, ಹಾಗಾಗಿ ಅಲ್ಲಿನ ಗೆಳೆಯರನ್ನು ಕೇಳಿಯೂ ಪ್ರಯೋಜನವಿಲ್ಲ.

ಎಳೆದರೆ ಗುಳುಗುಳು ಸದ್ದು, ಬಾಯಿಗೆ ಲಿಕ್ವಿಡ್ ಹನಿ ಬರುತ್ತದೆ. ಬೆಳಿಗ್ಗೆ ನೋಡಿದರೆ ಕೆಳಗಿನ ಗಾಳಿ ತೂತಿನ ಸುತ್ತ ಕಂದು ಬಣ್ಣದ ಅಂಟು.

ಟ್ಯಾಂಕ್ ಬಿಚ್ಚಿ ಉಗುರುಬೆಚ್ಚಗಿನ ನೀರಲ್ಲಿ ತೊಳೆದು, ಒಂದು ರಾತ್ರಿ ಒಣಗಿಸಿದೆ. ಬ್ಯಾಟರಿ ಕಡೆಯ ಲೋಹದ ಗುಂಡಿಯನ್ನು ಒಣ ಹತ್ತಿ ಕಡ್ಡಿಯಿಂದ ಒರೆಸಿದೆ. ಹೊಸ 0.8 ಓಮ್ ಕಾಯಿಲ್ (ಲಿಕ್ವಿಡ್ ಬಿಸಿ ಮಾಡುವ ಭಾಗ) ಹಾಕಿ, ಅದರೊಳಗಿನ ಹತ್ತಿಗೆ ನಾಲ್ಕು ಹನಿ ಲಿಕ್ವಿಡ್ ಬಿಟ್ಟು, ತುಂಬಿಸಿ 15 ನಿಮಿಷ ಕಾದೆ. ಎರಡು ದಿನ ಚೆನ್ನಾಗಿತ್ತು, ಆಮೇಲೆ ಮತ್ತದೇ ಕಥೆ. ರಬ್ಬರ್ ರಿಂಗ್ ಹರಿದಿಲ್ಲ, ಆದರೆ ಒಂದು ಕಡೆ ಚಪ್ಪಟೆಯಾದ ಹಾಗಿದೆ. ಲಿಕ್ವಿಡ್ 50:50 (ಗಟ್ಟಿ ಇರುವ ಗ್ಲಿಸರಿನ್, ತೆಳು ಇರುವ ಪ್ರೊಪಿಲೀನ್ ಗ್ಲೈಕಾಲ್ ಸಮಪಾಲು).

ಮತ್ತೆ ಸಿಗರೇಟ್ ಕಡೆ ಕೈ ಹೋಗಬಾರದು, ಅದೇ ನನ್ನ ಭಯ. ರಬ್ಬರ್ ರಿಂಗ್ ಮಾತ್ರ ಬದಲಿಸಿದರೆ ಸಾಕಾ, ಇಲ್ಲಾ ಲಿಕ್ವಿಡ್ ಇನ್ನೂ ಗಟ್ಟಿ ಇರೋದು ಬೇಕಾ? ಗಾಳಿ ತೂತಿನ ಒಳಗಿನ ಅಂಟು ತೆಗೆಯೋದು ಹೇಗೆ?