42ರಲ್ಲಿ ಸೋನೋಗ್ರಫಿ ಕಲಿಯಬಹುದಾ? ಅಡ್ವಾನ್ಸ್ ಕೊಡುವ ಮೊದಲು ಕೇಳುತ್ತಿದ್ದೇನೆ

ಡೊಂಬಿವಲಿ ಅಮ್ಮ:
ಎಲ್ಲರಿಗೂ ನಮಸ್ಕಾರ. ನನಗೀಗ 42. ಪ್ರಾಣಿಶಾಸ್ತ್ರದಲ್ಲಿ ಬಿ.ಎಸ್ಸಿ. ಆಗಿದೆ, ಮದುವೆಯಾದ ಮೇಲೆ ಕೆಲಸಕ್ಕೆ ಹೋಗಲೇ ಇಲ್ಲ. ಮಗ ಈ ವರ್ಷ ಕಾಲೇಜು ಸೇರಿದ. ಹೋದ ಮಳೆಗಾಲದಲ್ಲಿ ಅತ್ತೆಗೆ ಹೊಟ್ಟೆನೋವು ಅಂತ ಸೋನೋಗ್ರಫಿಗೆ, ಅಂದರೆ ಅಲ್ಟ್ರಾಸೌಂಡ್ ಸ್ಕ್ಯಾನಿಗೆ, ಕರೆದುಕೊಂಡು ಹೋಗಿದ್ದೆ. ಡಾಕ್ಟರ್ ಜೆಲ್ ಹಚ್ಚಿ, "ಆಜೀ, ಶ್ವಾಸ ರೋಖೂನ್ ಧರಾ" (ಅಜ್ಜಿ, ಉಸಿರು ಬಿಗಿಹಿಡಿಯಿರಿ) ಅಂದರು. ಪರದೆಯಲ್ಲಿ ಪಿತ್ತಕೋಶದ ಕಲ್ಲು ಬೆಳ್ಳಗೆ ಕಾಣಿಸಿತು, ಅದರ ಹಿಂದೆ ಉದ್ದಕ್ಕೆ ಕಪ್ಪು ನೆರಳು. ಅತ್ತೆಯನ್ನು ಮಗ್ಗುಲಿಗೆ ತಿರುಗಿಸಿದರೆ ಕಲ್ಲೂ ಉರುಳಿತು! ಅವತ್ತಿನಿಂದ ಇದನ್ನೇ ಕಲಿಯಬೇಕು ಅಂತ ಮನಸ್ಸಿನಲ್ಲಿ ಕೂತುಬಿಟ್ಟಿದೆ. ಇಲ್ಲಿ ಸ್ಟೇಷನ್ ಹತ್ತಿರದ ಒಂದು ಕ್ಲಾಸಿನವರು 6 ತಿಂಗಳ ಸೋನೋಗ್ರಫಿ ಟೆಕ್ನಿಷಿಯನ್ ಡಿಪ್ಲೊಮಾ, 85 ಸಾವಿರ, ಕೆಲಸ ಗ್ಯಾರಂಟಿ ಅಂತಾರೆ. ಶನಿವಾರದೊಳಗೆ ಅಡ್ವಾನ್ಸ್ ಕಟ್ಟಬೇಕಂತೆ. ಕಟ್ಟಲಾ?

ಕೊಥ್ರೂಡ್ ಧಾರವಾಡದವಳು:
ಅಕ್ಕಾರೇ, ದಯವಿಟ್ಟು ಕಟ್ಟಬೇಡಿ. ನಾನು ಪುಣೆಯಲ್ಲಿ ಸೋನೋಗ್ರಫಿ ಸೆಂಟರ್ ಒಂದರಲ್ಲಿ 11 ವರ್ಷದಿಂದ ಇದ್ದೇನೆ. ಬಸುರಿಯರ ಸ್ಕ್ಯಾನಿಗೆ ಕಾನೂನು ಕೇಳುವ ಫಾರ್ಮ್ ಎಫ್ ತುಂಬುತ್ತೇನೆ, ನೀರು ಕುಡಿದು ಬನ್ನಿ ಅನ್ನುತ್ತೇನೆ, ಜೆಲ್ ಒರೆಸಿಕೊಳ್ಳಲು ಟಿಶ್ಯೂ ಕೊಡುತ್ತೇನೆ. ಇಷ್ಟು ವರ್ಷದಲ್ಲಿ ಪ್ರೋಬ್ (ಮೈಮೇಲೆ ಆಡಿಸುವ ಉಪಕರಣ) ಹಿಡಿದು ಒಬ್ಬರನ್ನೂ ನೋಡಿಲ್ಲ, ನೋಡುವ ಹಾಗೂ ಇಲ್ಲ. ನಮ್ಮಲ್ಲಿ ಸೋನೋಗ್ರಫಿ ಡಾಕ್ಟರೇ ಮಾಡಬೇಕು. ಆ ಡಿಪ್ಲೊಮಾ ತೆಗೆದುಕೊಂಡು ಬಂದರೆ ಸಿಗುವುದು ನನ್ನದೇ ಕೆಲಸ, ಅದಕ್ಕೆ 85 ಸಾವಿರ ಯಾಕೆ ಸುರಿಯಬೇಕು?

ಮಡಗಾಂವ್ ಡಾಕ್ಟರ್:
ಮೇಲಿನವರು ಹೇಳಿದ್ದು ಸರಿ. ಕಾರಣ ಗೊತ್ತಿದ್ದರೆ ನಿಮಗೆ ಬೇಜಾರು ಕಡಿಮೆಯಾದೀತು. ಗರ್ಭದಲ್ಲೇ ಮಗು ಗಂಡೋ ಹೆಣ್ಣೋ ಪರೀಕ್ಷಿಸಿ ಹೆಣ್ಣಾದರೆ ತೆಗೆಸುವುದು ಎಷ್ಟು ಹೆಚ್ಚಿತ್ತೆಂದರೆ, ದೇಶದಲ್ಲೇ ಮೊದಲು ಮಹಾರಾಷ್ಟ್ರ 1988ರಲ್ಲಿ ಅದರ ವಿರುದ್ಧ ಕಾನೂನು ತಂದಿತು. ಅದಕ್ಕಾಗಿ ಮುಂಬೈಯ ಹೆಂಗಸರು ಬೀದಿಗಿಳಿದಿದ್ದರು. ಆಮೇಲೆ 1994ರಲ್ಲಿ ಇಡೀ ದೇಶಕ್ಕೆ ಭ್ರೂಣದ ಲಿಂಗ ಪತ್ತೆ ತಡೆಯುವ ಪಿಎನ್‌ಡಿಟಿ ಕಾಯ್ದೆ ಬಂತು, 2003ರಲ್ಲಿ ಇನ್ನೂ ಬಿಗಿಯಾಯಿತು. ಸೋನೋಗ್ರಫಿ ಮಷೀನು ಇರುವ ಜಾಗ ನೋಂದಣಿಯಾಗಿರಬೇಕು, ಅದನ್ನು ಯಾರು ನಡೆಸುತ್ತಾರೆ ಅನ್ನುವುದೂ ದಾಖಲಾಗಿರಬೇಕು. ತಪ್ಪು ಮಾಡಿದರೆ ಮೊದಲ ಸಲವೇ 3 ವರ್ಷದವರೆಗೆ ಜೈಲು. 6 ತಿಂಗಳ ತರಬೇತಿ ಅನ್ನುವುದು ನಿಜವಾಗಿಯೂ ಇದೆ, 2014ರ ನಿಯಮದಲ್ಲಿ. ಆದರೆ ಅದು ಎಂಬಿಬಿಎಸ್ ಆದವರಿಗೆ. ಬಹುಶಃ ಆ ಕ್ಲಾಸಿನವರು ಅದೇ 6 ತಿಂಗಳನ್ನು ತೋರಿಸಿ ಜನರನ್ನು ನಂಬಿಸುತ್ತಿದ್ದಾರೆ.

ಆದರೆ ಅಮೆರಿಕ, ಕೆನಡಾದಲ್ಲಿ ಸೋನೋಗ್ರಾಫರ್ ಅಂತಲೇ ಬೇರೆ ಉದ್ಯೋಗ ಇದೆ, ಚಿತ್ರ ಅವರು ತೆಗೆಯುತ್ತಾರೆ, ರಿಪೋರ್ಟ್ ಡಾಕ್ಟರ್ ಬರೆಯುತ್ತಾರೆ. ಅಲ್ಲಿ 40 ದಾಟಿ ಕಲಿಯುವವರೂ ಇದ್ದಾರೆ. ಯೂಟ್ಯೂಬಿನಲ್ಲಿ ಅವರ ವಿಡಿಯೋ ನೋಡಿ ಇಲ್ಲೂ ಹಾಗೇ ಅಂದುಕೊಳ್ಳಬೇಡಿ.

ಮುಲುಂಡ್ ಎಕೋ:
ಅಕ್ಕಾ, ಬೇಜಾರು ಮಾಡ್ಕೋಬೇಡಿ, ದಾರಿ ಪೂರ್ತಿ ಮುಚ್ಚಿಲ್ಲ. ನಾನು 36ರಲ್ಲಿ ಕಾರ್ಡಿಯಾಕ್ ಟೆಕ್ನಾಲಜಿ ಬಿ.ಎಸ್ಸಿ. ಸೇರಿದವಳು, ಕ್ಲಾಸಿನಲ್ಲಿ ಉಳಿದವರೆಲ್ಲ 18ರ ಮಕ್ಕಳು. ಮೂರು ವರ್ಷ ಓದು, ಆಮೇಲೆ ಒಂದು ವರ್ಷ ಆಸ್ಪತ್ರೆಯಲ್ಲಿ. ಈಗ ಹೃದಯದ ಡಾಕ್ಟರ ಕೈಕೆಳಗೆ 2ಡಿ ಎಕೋ, ಅಂದರೆ ಹೃದಯದ ಸ್ಕ್ಯಾನ್, ಮಾಡುತ್ತೇನೆ. ಅದೂ ಅಲ್ಟ್ರಾಸೌಂಡೇ ಅಲ್ವಾ! ಪೇಷಂಟನ್ನು ಎಡಮಗ್ಗುಲಿಗೆ ಮಲಗಿಸಿ, ಎಡಗೈ ತಲೆಯ ಕೆಳಗೆ ಇಡಿಸಿ, ಪಕ್ಕೆಲುಬುಗಳ ಸಂದಿಯಲ್ಲಿ ಪ್ರೋಬ್ ಇಟ್ಟು ಒಂದು ಕೂದಲೆಳೆಯಷ್ಟು ವಾಲಿಸಿದರೆ ಸಾಕು, ಅಲ್ಲಿಯವರೆಗೆ ಬರೀ ಮಂಜಿನ ಹಾಗಿದ್ದದ್ದು ಕವಾಟವಾಗಿ ಪಟಪಟ ಅಂತ ತೆರೆದು ಮುಚ್ಚುವುದು ಕಾಣುತ್ತದೆ. ಆ ಕೈ ಬರಲು ನನಗೆ ಒಂದು ವರ್ಷಕ್ಕಿಂತ ಜಾಸ್ತಿ ಬೇಕಾಯಿತು. ರಿಪೋರ್ಟಿಗೆ ಸಹಿ ಡಾಕ್ಟರದ್ದು. ಗರ್ಭದ ಮಗುವಿನ ಎಕೋ ನಾವು ಮುಟ್ಟುವುದಿಲ್ಲ.

ನಿಮಗೆ 12ರಲ್ಲಿ ಜೀವಶಾಸ್ತ್ರ ಇತ್ತಲ್ಲ, ಅದೇ ದೊಡ್ಡ ಅನುಕೂಲ. ಸೇರುವ ಮೊದಲು ಡಿಗ್ರಿ ಯಾವ ವಿಶ್ವವಿದ್ಯಾಲಯದ್ದು, ಕಲಿಯಲು ಅವರದೇ ಆಸ್ಪತ್ರೆ ಇದೆಯಾ ಅಂತ ಕೇಳಿ. ಸುಮ್ನೆ ಫೋನಿನಲ್ಲಿ ಅಲ್ಲ, ಹೋಗಿ ಎಕೋ ರೂಮು ನೋಡಿ ಬನ್ನಿ.

ಡೊಂಬಿವಲಿ ಅಮ್ಮ:
ನಿಮ್ಮೆಲ್ಲರಿಗೂ ಕೈ ಮುಗಿದೆ. ನಿನ್ನೆ ರಾತ್ರಿ ಇದನ್ನೆಲ್ಲ ಮನೆಯವರಿಗೂ ಓದಿ ಹೇಳಿದೆ. ಅಡ್ವಾನ್ಸ್ ಕೊಡುವುದಿಲ್ಲ. ಮುಲುಂಡ್ ಅವರೇ, ಓದು ಮುಗಿಸುವಾಗ ನನಗೆ 46 ಆಗುತ್ತದೆ. ದಿನವಿಡೀ ನಿಂತು ಮಾಡಲು ಆಗುತ್ತದಾ?

ಮುಲುಂಡ್ ಎಕೋ:
ನಿಲ್ಲುವುದು ಕಷ್ಟವಲ್ಲ ಅಕ್ಕಾ, ಕೂತೇ ಮಾಡಬಹುದು. ನೋಯುವುದು ಭುಜ. ಕೈ ಚಾಚಿ ಪ್ರೋಬ್ ಒತ್ತಿ ಹಿಡಿದು ಹಿಡಿದು ಈ ಕೆಲಸದಲ್ಲಿ ತುಂಬ ಜನರಿಗೆ ಭುಜ, ಕುತ್ತಿಗೆ ಹಿಡಿಯುತ್ತದೆ. ಮಂಚದ ಎತ್ತರ ಸರಿ ಮಾಡಿಕೊಂಡು ಪೇಷಂಟನ್ನು ಹತ್ತಿರ ಎಳೆದುಕೊಳ್ಳುವುದನ್ನು ಮೊದಲ ದಿನದಿಂದಲೇ ರೂಢಿ ಮಾಡಿಕೊಳ್ಳಿ, ನಾನು ತಡವಾಗಿ ಕಲಿತೆ. ಬೇಕಾದರೆ ನನ್ನ ಹಳೆಯ ನೋಟ್ಸ್ ಇವೆ. ಮುಲುಂಡ್ ಸ್ಟೇಷನ್ನಿನಲ್ಲಿ ಭಾನುವಾರ ಕೊಡುತ್ತೇನೆ, ಸ್ಲೋ ಲೋಕಲ್ ಹಿಡಿದು ಬನ್ನಿ.