ಅಪ್‌ಡೇಟ್: ಹಳೇ ಟಾಕುಮಾರ್ ಲೆನ್ಸ್ ಸಮಸ್ಯೆ ಬಗೆಹರಿಯಿತು

ಸೂಪರ್ ಟಾಕುಮಾರ್ 55 ಎಂಎಂ ಎಫ್/1.8 ಲೆನ್ಸನ್ನು ಅಡಾಪ್ಟರ್ (ಬೇರೆ ಕ್ಯಾಮೆರಾಗೆ ಹೊಂದಿಸುವ ಬಳೆ) ಹಾಕಿ ಮಿರರ್‌ಲೆಸ್ ಕ್ಯಾಮೆರಾಗೆ ಕೂರಿಸಿದರೆ ಶಟರ್ ಬೀಳುತ್ತಿಲ್ಲ, ಅಪರ್ಚರ್ (ಬೆಳಕು ಒಳಬರುವ ಕಿಂಡಿ) ರಿಂಗ್ ತಿರುಗಿಸಿದರೂ ಅದರ ಬ್ಲೇಡ್ ಅಲುಗಾಡುತ್ತಿಲ್ಲ ಅಂತ ಕೇಳಿದ್ದೆ. ಈಗ ಎರಡೂ ಸರಿಹೋಗಿವೆ. ಉತ್ತರ ಕೊಟ್ಟವರಿಗೆಲ್ಲ ತುಂಬಾ ಥ್ಯಾಂಕ್ಸ್.

ಶಟರ್ ವಿಷಯ ಸುಲಭ. ಲೆನ್ಸಿನಲ್ಲಿ ಎಲೆಕ್ಟ್ರಾನಿಕ್ ಸಂಪರ್ಕವೇ ಇಲ್ಲ, ಹಾಗಾಗಿ ಕ್ಯಾಮೆರಾ ಲೆನ್ಸ್ ಇಲ್ಲ ಅಂದುಕೊಳ್ಳುತ್ತದೆ. ಮೆನುವಿನಲ್ಲಿ ‘ಲೆನ್ಸ್ ಇಲ್ಲದೆ ಶಟರ್’ ಆಯ್ಕೆ ಆನ್ ಮಾಡಿದೆ, ಮುಗೀತು.

ಅಪರ್ಚರ್ ಕಥೆ ಬೇರೆ. ಲೆನ್ಸಿನ ಹಿಂಭಾಗದಲ್ಲಿ ಒಂದು ಸಣ್ಣ ಪಿನ್ ಇದೆ. ಹಳೇ ಫಿಲ್ಮ್ ಕ್ಯಾಮೆರಾ ಕ್ಲಿಕ್ಕಿಸುವಾಗ ಅದನ್ನು ಒತ್ತುತ್ತಿತ್ತು, ಆಗ ಬ್ಲೇಡ್ ಮುಚ್ಚುತ್ತಿತ್ತು. ನನ್ನ ಅಡಾಪ್ಟರ್ ಪಿನ್ ಒತ್ತುವುದಿಲ್ಲ. ಲೆನ್ಸಿನ ಪಕ್ಕದ ಸ್ವಿಚ್ಚನ್ನು ಆಟೋದಿಂದ ಮ್ಯಾನುಯಲ್‌ಗೆ ಜಾರಿಸಿದ ತಕ್ಷಣ ಬ್ಲೇಡ್‌ಗಳು ರಿಂಗಿನ ಜೊತೆಗೇ ತೆರೆದು ಮುಚ್ಚತೊಡಗಿದವು. ನೋಡೋಕೇ ಖುಷಿ! ಬೇರೆ ಅಡಾಪ್ಟರ್ ಬೇಕಾಗಲೇ ಇಲ್ಲ.

ಫೋಕಸ್ ಪೀಕಿಂಗ್, ಅಂದರೆ ಫೋಕಸ್ ಆದ ಅಂಚುಗಳನ್ನು ಸ್ಕ್ರೀನಿನಲ್ಲಿ ಬಣ್ಣದಿಂದ ತೋರಿಸುವ ಸೌಲಭ್ಯದ ಬಗ್ಗೆ ಒಂದು ಮಾತು. ಎಫ್/1.8ರಲ್ಲಿ (ಅಪರ್ಚರ್ ಪೂರ್ತಿ ತೆರೆದಾಗ) ಬರೀ ಅದನ್ನೇ ನಂಬಬೇಡಿ. ರೆಪ್ಪೆ, ಹುಬ್ಬು, ಮೂಗು ಎಲ್ಲದರ ಅಂಚೂ ಕೆಂಪಾಗಿ ಹೊಳೆಯುತ್ತದೆ, ಆದರೆ ಶಾರ್ಪ್ ಆಗಿರುವುದು ಒಂದೇ. ಕಣ್ಣಿನ ಜಾಗವನ್ನು ಸ್ಕ್ರೀನಿನಲ್ಲಿ ಝೂಮ್ ಮಾಡಿ ನೋಡಿ ಆಮೇಲೆ ಕ್ಲಿಕ್ಕಿಸಿದರೆ ಫಲಿತಾಂಶ ಎಷ್ಟೋ ವಾಸಿ.

ಕ್ಯಾಮೆರಾ ಬಾಡಿಯೊಳಗೆ ಸ್ಟೆಬಿಲೈಸೇಷನ್ (ಕೈ ನಡುಕ ಸರಿದೂಗಿಸುವ ವ್ಯವಸ್ಥೆ) ಇದ್ದರೆ ಫೋಕಲ್ ಲೆಂತ್ 55 ಅಂತ ನೀವೇ ತುಂಬಿಸಬೇಕು. ಲೆನ್ಸ್ ಬದಲಿಸಿದಾಗ ಆ ಸಂಖ್ಯೆಯನ್ನೂ ಬದಲಿಸಿ, ಇಲ್ಲದಿದ್ದರೆ ಸ್ಟೆಬಿಲೈಸೇಷನ್ ಲೆಕ್ಕ ತಪ್ಪುತ್ತದೆ.